9 ಸೆಂ.ಮೀ. ಎಟ್ರಸ್ಕನ್ ಹರ್ಕ್ಯುಲಿಸ್ ಹರಾಜಿಗೆ ಬಂದಿದ್ದಾನೆ, ಕೊಳ್ಳಬಹುದಾ?

ಲೆಸ್ಟರ್_ನಾಗು
ಎಲ್ಲರಿಗೂ ನಮಸ್ಕಾರ. ಇಲ್ಲಿ ಹಳೇ ನಾಣ್ಯ, ಹಳೇ ಪಾತ್ರೆ, ದೀಪ ಕೂಡಿಹಾಕುವವರು ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಮುಂದಿನ ತಿಂಗಳು ಲಂಡನ್ನಿನ ಒಂದು ಹರಾಜಿಗೆ ಪ್ರಾಚೀನ ಇಟಲಿಯ ಎಟ್ರಸ್ಕನ್ ಜನರ ಕಾಲದ ಕಂಚಿನ ಪುಟ್ಟ ಮೂರ್ತಿ ಬರುತ್ತಿದೆ. ಹರ್ಕ್ಯುಲಿಸ್. ಎತ್ತರ 9 ಸೆಂ.ಮೀ. ಬಲಗೈಯಲ್ಲಿ ಗದೆ ಎತ್ತಿದ್ದಾನೆ, ಗದೆಯ ತುದಿ ಮುರಿದಿದೆ. ಎಡಗೈ ಮೇಲೆ ಸಿಂಹದ ಚರ್ಮ ಇಳಿಬಿದ್ದಿದೆ. ಪಾದದ ಕೆಳಗೆ ಮೊಳೆಯಂಥ ತುಂಡು. ಕ್ರಿ.ಪೂ. 4ನೇ ಶತಮಾನ ಅಂತ ಬರೆದಿದ್ದಾರೆ. ಎಲ್ಲಿಂದ ಬಂತು ಅನ್ನುವುದಕ್ಕೆ ಒಂದೇ ಸಾಲು: ಯುರೋಪಿನ ಖಾಸಗಿ ಸಂಗ್ರಹ, 1980ರ ದಶಕದಲ್ಲಿ ಕೊಂಡದ್ದು.

ಬೆಲೆ ಒಳ್ಳೆಯ ಫೋನಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. 2300 ವರ್ಷ ಹಳೆಯ ವಸ್ತು ಇಷ್ಟಕ್ಕೆ ಸಿಗುತ್ತದಾ? ಅಸಲಿಯಾ, ಕಾನೂನಿನ ತೊಡಕು ಏನಾದರೂ ಇದೆಯಾ, ಮುಂದೆ ಊರಿಗೆ (ಕುಂದಾಪುರ) ವಾಪಸ್ ಹೋಗುವಾಗ ಜೊತೆಗೆ ಒಯ್ಯಬಹುದಾ, ತಿಳಿದವರು ಹೇಳಿ.

ಸುಮ್ನೆ_ಓದುಗ
ಮುಖ್ಯವಾದದ್ದನ್ನೇ ಬಿಟ್ಟಿರಿ. ಮನೆಯಲ್ಲಿ ಹೇಳಿದ್ದೀರಾ?

ಲೆಸ್ಟರ್_ನಾಗು
ಅದರ ಉತ್ತರ ಗೊತ್ತಿದೆ, ಅದಕ್ಕೇ ಕೇಳಲಿಲ್ಲ.

ಹಳೇ_ನಾಣ್ಯ
ನಾಗು ಅವರೇ, ಬೆಲೆ ಕಡಿಮೆ ಅಂತ ಅನುಮಾನ ಪಡಬೇಡಿ. ಎಟ್ರೂರಿಯಾ ಅಂದರೆ ಈಗಿನ ಟಸ್ಕನಿ, ಉಂಬ್ರಿಯಾದ ಒಂದು ಭಾಗ, ರೋಮ್‌ನ ಉತ್ತರಕ್ಕಿರುವ ಲಾಟ್ಸಿಯೊ. ಆರ್ನೊ ನದಿಯಿಂದ ಟೈಬರ್ ನದಿವರೆಗಿನ ಸೀಮೆ. ಅಲ್ಲಿನವರು ದೇವರಿಗೆ ಹರಕೆ ಹೊತ್ತು ಇಂಥ ಮೂರ್ತಿಗಳನ್ನು ರಾಶಿ ರಾಶಿ ಒಪ್ಪಿಸುತ್ತಿದ್ದರು. ಕುಕ್ಕೆಯಲ್ಲಿ ಬೆಳ್ಳಿ ನಾಗ ಒಪ್ಪಿಸುವ ಹಾಗೆ ಅಂದುಕೊಳ್ಳಿ. ಹರ್ಕ್ಯುಲಿಸ್‌ನನ್ನು ಅವರು ಹರ್ಕ್ಲೆ ಅನ್ನುತ್ತಿದ್ದರು. ಬುಗ್ಗೆಗಳ ಹತ್ತಿರ, ದನಕುರಿ ಓಡಾಡುವ ದಾರಿಗಳಲ್ಲಿ ಅವನಿಗೆ ತುಂಬಾ ನಡೆದುಕೊಳ್ಳುತ್ತಿದ್ದರು. ಹಾಗಾಗಿ ಗದೆ ಎತ್ತಿದ ಹರ್ಕ್ಲೆ, ಈಟಿ ಹಿಡಿದ ಯೋಧ, ಬಟ್ಟಲು ಚಾಚಿದ ಭಕ್ತ, ಈ ಮೂರು ನಮೂನೆ ಮಾರುಕಟ್ಟೆಯಲ್ಲಿ ಬೇಕಾದಷ್ಟು ಇವೆ.

ಒಂದು ಎಚ್ಚರ. ಕಡ್ಡಿಯಂಥ ಕೈಕಾಲು, ಕಣ್ಣಿಗೆ ಬರೀ ಚುಕ್ಕೆ ಇರುವ ಸಪೂರ ಮೂರ್ತಿಗಳು ಪಕ್ಕದ ಉಂಬ್ರಿಯನ್ನರವು. ವ್ಯಾಪಾರಿಗಳು ಅವಕ್ಕೂ ಎಟ್ರಸ್ಕನ್ ಅಂತ ಚೀಟಿ ಅಂಟಿಸುತ್ತಾರೆ, ಆ ಹೆಸರಿಗೆ ಬೆಲೆ ಜಾಸ್ತಿ. ನಿಮ್ಮದಕ್ಕೆ ತೊಡೆ, ಹೊಟ್ಟೆಯ ಮಾಂಸಖಂಡ ತಿದ್ದಿದ್ದಾರಾ? ಹಾಗಿದ್ದರೆ ಒಳ್ಳೆಯ ಕೈಯ ಕೆಲಸ. ನಾನಾಗಿದ್ದರೆ ಕೊಳ್ಳುತ್ತಿದ್ದೆ.

ಮಿಲಾನ್_ಮಲೆನಾಡು
ನಾನಾಗಿದ್ದರೆ ಮುಟ್ಟುತ್ತಿರಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಇಟಲಿಯಲ್ಲಿ 1909ರಿಂದಲೇ ಕಾನೂನು ಇದೆ: ನೆಲದಡಿ ಸಿಕ್ಕ ಹಳೇ ವಸ್ತು ಸರ್ಕಾರದ್ದು. 1939ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು, ಈಗ ನಡೆಯುತ್ತಿರುವುದು 2004ರ ಸಂಹಿತೆ. ಅಂದರೆ ಈ ಮೂರ್ತಿ 1909ಕ್ಕೆ ಮುಂಚೆಯೇ ನೆಲದಿಂದ ಹೊರಗೆ ಬಂದಿತ್ತು ಅಂತ ತೋರಿಸಬೇಕು, ಅಥವಾ ಸರ್ಕಾರದ ಅನುಮತಿಯಿಂದ ಹೊರಗೆ ಹೋಯಿತು ಅಂತ ತೋರಿಸಬೇಕು. "1980ರ ದಶಕ, ಯುರೋಪಿನ ಖಾಸಗಿ ಸಂಗ್ರಹ" ಈ ಎರಡರಲ್ಲಿ ಯಾವುದು?

1980ರ ದಶಕ ಅಂದರೆ ಸಮಾಧಿಗಳ್ಳರಿಗೆ ಸುಗ್ಗಿಯ ಕಾಲ. ಇಲ್ಲಿ ಅವರಿಗೆ ತೊಂಬರೋಲಿ ಅನ್ನುತ್ತಾರೆ. ಚೆರ್ವೆತೆರಿ, ವುಲ್ಚಿ ಎಂಬ ಹಳೇ ಎಟ್ರಸ್ಕನ್ ಊರುಗಳ ಸುತ್ತಮುತ್ತ ರಾತ್ರಿ ಹೊತ್ತು ಉದ್ದನೆಯ ಕಬ್ಬಿಣದ ಸಲಾಕೆ ಚುಚ್ಚಿಕೊಂಡು ಹೋಗುತ್ತಿದ್ದರು. ಒಳಗೆ ಟೊಳ್ಳಿದ್ದರೆ ಕೈಗೆ ಗೊತ್ತಾಗುತ್ತದೆ. ಸಿಕ್ಕಿದ್ದು ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ, ಅಲ್ಲಿಂದ ಲಂಡನ್, ನ್ಯೂಯಾರ್ಕಿಗೆ. 1995ರಲ್ಲಿ ಜಿನೀವಾದ ಉಗ್ರಾಣಗಳ ಮೇಲೆ ದಾಳಿಯಾದಾಗ ಜಾಕೊಮೊ ಮೆಡಿಚಿ ಎಂಬ ವ್ಯಾಪಾರಿಯ ಬಳಿ ಸಾವಿರಾರು ಫೋಟೊ ಸಿಕ್ಕವು. ಮಣ್ಣು ಮೆತ್ತಿದ ವಸ್ತುಗಳ ಪೋಲರಾಯ್ಡ್‌ಗಳು. ಮಣ್ಣು ತೊಳೆದ ಮೇಲೆ ಅವೇ ವಸ್ತುಗಳು ದೊಡ್ಡ ಮ್ಯೂಸಿಯಂಗಳ ಗಾಜಿನ ಪೆಟ್ಟಿಗೆಯಲ್ಲಿ ಕೂತಿದ್ದವು.

ಹಳೇ_ನಾಣ್ಯ
ಮೇಡಂ, ಎಲ್ಲ 80ರ ದಶಕದ ವಸ್ತುವೂ ಕಳ್ಳಮಾಲು ಅಂದರೆ ಹೇಗೆ? ಆಗ ಬಿಲ್ಲು ಇಟ್ಟುಕೊಳ್ಳುವ ಅಭ್ಯಾಸವೇ ಇರಲಿಲ್ಲ. ಅಜ್ಜನ ಕಾಲದ ಸಂಗ್ರಹವನ್ನು ಮೊಮ್ಮಕ್ಕಳು ಮಾರುತ್ತಾರೆ, ಕಾಗದ ಎಲ್ಲಿಂದ ಬರಬೇಕು?

ಮಿಲಾನ್_ಮಲೆನಾಡು
ಎಲ್ಲವೂ ಅಂತ ನಾನು ಹೇಳಲಿಲ್ಲ. ಇದಲ್ಲ ಅಂತ ತೋರಿಸುವ ಹೊಣೆ ಮಾರುವವರದ್ದು ಅಂದೆ. ಕಾಗದ ಇಲ್ಲದ ಸೈಟು ಕೊಳ್ಳುತ್ತೀರಾ ನೀವು?

ಸುಮ್ನೆ_ಓದುಗ
ಬೆಂಗಳೂರಿನವರನ್ನು ಈ ಪ್ರಶ್ನೆ ಕೇಳಬಾರದು.

ಎರಕದ_ಮನೆ
ಕಾನೂನು ನನಗೆ ಗೊತ್ತಿಲ್ಲ, ಎರಕ ಗೊತ್ತು. ಪೀಣ್ಯದಲ್ಲಿ ನಮ್ಮದು ಸಣ್ಣ ಫೌಂಡ್ರಿ.

ಪಾದದ ಕೆಳಗಿನ ಮೊಳೆ ಅಂದಿರಲ್ಲ, ಅದು ಸುಮ್ನೆ ಇರುವುದಲ್ಲ. ಇಷ್ಟು ಚಿಕ್ಕ ಮೂರ್ತಿಯನ್ನು ಗಟ್ಟಿಯಾಗಿಯೇ ಎರೆಯುತ್ತಾರೆ, ಒಳಗೆ ಟೊಳ್ಳು ಇರುವುದಿಲ್ಲ. ಮೊದಲು ಮೇಣದಲ್ಲಿ ಮೂರ್ತಿ. ಅದರ ಮೇಲೆ ಮಣ್ಣು ಮೆತ್ತಿ ಸುಡುವುದು. ಮೇಣ ಕರಗಿ ಹೋದ ಜಾಗಕ್ಕೆ ಕಂಚು. ಸಾಮಾನ್ಯವಾಗಿ ತಲೆಕೆಳಗಾಗಿ ಇಟ್ಟು ಕಾಲಿನ ಕಡೆಯಿಂದ ಹೊಯ್ಯುತ್ತಾರೆ. ಆ ಕಾಲುವೆಯಲ್ಲಿ ಗಟ್ಟಿಯಾದ ಲೋಹವನ್ನು ಪೂರ್ತಿ ಕತ್ತರಿಸದೆ ತುಂಡು ಉಳಿಸಿ, ಕಲ್ಲಿನ ಪೀಠದ ತೂತಿಗೆ ಇಳಿಸಿ, ಸುತ್ತ ಸೀಸ ಕರಗಿಸಿ ಹೊಯ್ದರೆ ಮೂರ್ತಿ ಅಲ್ಲಾಡುವುದಿಲ್ಲ. ಮೊಳೆಯ ಸುತ್ತ ಬೂದು ಬಣ್ಣದ ಸೀಸ ಅಂಟಿಕೊಂಡಿದೆಯಾ ನೋಡಿ. ಇದ್ದರೆ ಒಳ್ಳೆಯದು. ಆದರೆ ಖೋಟಾ ಮಾಡುವವನಿಗೂ ಇದು ಗೊತ್ತು.

ಮತ್ತೆ, ಸಿಂಹದ ಚರ್ಮದ ಮೇಲಿನ ಕೂದಲು ನೋಡಿ. ಎರಕ ಆದಮೇಲೆ ಸಣ್ಣ ಉಳಿಯಿಂದ ಒಂದೊಂದೇ ಏಟು ಹಾಕಿ ತೆಗೆದಿದ್ದರೆ ಗೆರೆಗಳು ಒಂದರಂತೆ ಒಂದು ಇರುವುದಿಲ್ಲ. ಒಂದು ಕಡೆ ಆಳ, ಒಂದು ಕಡೆ ಜಾರಿದ ಹಾಗೆ. ಎಲ್ಲ ಮೊಂಡಾಗಿ, ಸೋಪಿನ ಮೇಲಿನ ಅಚ್ಚಿನಂತಿದ್ದರೆ ಅಸಲಿಯಿಂದ ಅಚ್ಚು ತೆಗೆದು ಮಾಡಿದ ನಕಲು. ತೋಳಿನ ಪಕ್ಕ, ಕಾಲಿನ ಒಳಗಡೆ ಉದ್ದಕ್ಕೆ ಜೋಡಣೆಯ ಗೆರೆ ಕಂಡರೆ ಅಲ್ಲಿಗೇ ಬಿಟ್ಟುಬಿಡಿ.

ಲೆಸ್ಟರ್_ನಾಗು
ಸರ್, ಇದಕ್ಕೇ ನಾನು ಇಲ್ಲಿ ಕೇಳುವುದು. ಫೋಟೊ ದೊಡ್ಡದು ಮಾಡಿ ನೋಡಿದೆ. ಜೋಡಣೆಯ ಗೆರೆ ಕಾಣಲಿಲ್ಲ. ಕೂದಲು ಅರ್ಧ ಹಸಿರಿನಲ್ಲಿ ಮುಚ್ಚಿಹೋಗಿದೆ. ಲೋಹ ಪರೀಕ್ಷೆ ಮಾಡಿಸಿದರೆ ವಯಸ್ಸು ಗೊತ್ತಾಗುತ್ತದಾ?

ಕಿಲುಬು_ಡಾಕ್ಟ್ರು
ವಯಸ್ಸು ಗೊತ್ತಾಗುವುದಿಲ್ಲ. ಕಂಚಿಗೆ ಕಾರ್ಬನ್ ಪರೀಕ್ಷೆ ಇಲ್ಲ. ದೊಡ್ಡ ಟೊಳ್ಳು ಮೂರ್ತಿಯಾದರೆ ಒಳಗೆ ಉಳಿದ ಮಣ್ಣನ್ನು ಪರೀಕ್ಷೆ ಮಾಡಬಹುದು. ರೋಮ್‌ನ ಪ್ರಸಿದ್ಧ ತೋಳದ ಕಂಚಿನ ಮೂರ್ತಿಯನ್ನು ಬಹಳ ಕಾಲ ಎಟ್ರಸ್ಕನ್ ಅಂತಲೇ ಹೇಳುತ್ತಿದ್ದರು, ಇಂಥ ಪರೀಕ್ಷೆಗಳಾದ ಮೇಲೆ ಮಧ್ಯಯುಗದ್ದು ಅನ್ನುವವರೇ ಜಾಸ್ತಿ. ನಿಮ್ಮ 9 ಸೆಂ.ಮೀ. ಗಟ್ಟಿ ಮೂರ್ತಿಯಲ್ಲಿ ಮಣ್ಣೇ ಇಲ್ಲ.

ಎಕ್ಸ್‌ರೇ ಯಂತ್ರ ಹಿಡಿದು ಲೋಹದ ಮಿಶ್ರಣ ನೋಡಬಹುದು. ತಾಮ್ರ, ತವರ, ಸ್ವಲ್ಪ ಸೀಸ ಬಂದರೆ ಸರಿ. ಸತು ಜಾಸ್ತಿ ಬಂದರೆ ಅದು ಹಿತ್ತಾಳೆ, ಈ ಕಾಲದ ಎಟ್ರಸ್ಕನ್ ಮೂರ್ತಿಯಲ್ಲಿ ಅದು ಇರಬಾರದು. ಆದರೆ ಆ ಯಂತ್ರ ಮೇಲ್ಮೈಯನ್ನಷ್ಟೇ ಓದುತ್ತದೆ. ಮೇಲೆ ಕಿಲುಬು ಕಟ್ಟಿದ್ದರೆ ತವರದ ಲೆಕ್ಕ ಏರುಪೇರಾಗುತ್ತದೆ.

ನಾನು ಜರ್ಮನಿಯಲ್ಲಿ ಇಂಥ ವಸ್ತುಗಳ ಆರೈಕೆಯ ಕೆಲಸ ಮಾಡುತ್ತೇನೆ. ನಾವು ಮೊದಲು ನೋಡುವುದು ಕಿಲುಬಿನ ಪದರ. ನೆಲದಲ್ಲಿ ಬಹಳ ಕಾಲ ಇದ್ದ ಕಂಚಿನಲ್ಲಿ ಲೋಹಕ್ಕೆ ಅಂಟಿಕೊಂಡು ಕೆಂಪು ಪದರ, ಅದರ ಮೇಲೆ ಹಸಿರು, ಅದರ ಮೇಲೆ ಮಣ್ಣು ಮರಳು ಕಚ್ಚಿಕೊಂಡ ಹೊಪ್ಪಳೆ. ಕಿಲುಬು ಲೋಹದ ಹರಳುಗಳ ನಡುವೆ ಬೇರಿನಂತೆ ಒಳಗೆ ಇಳಿದಿರುತ್ತದೆ. ಆ್ಯಸಿಡ್ ಹಾಕಿ ತರಿಸಿದ ಹಸಿರು ಮೇಲೆಯೇ ಕೂತಿರುತ್ತದೆ, ಕೆಳಗೆ ನೇರ ಹಳದಿ ಲೋಹ. ಇನ್ನೂ ಅಗ್ಗದ ಖೋಟಾ ಆದರೆ ಬರೀ ಬಣ್ಣ, ಅಸಿಟೋನ್ ಅದ್ದಿದ ಹತ್ತಿಗೆ ಬಂದುಬಿಡುತ್ತದೆ. ನೀವಾಗಿ ಉಜ್ಜಲು ಹೋಗಬೇಡಿ, ಹರಾಜಿನವರ ಹತ್ತಿರ ಸ್ಥಿತಿಯ ವರದಿ ಕೇಳಿ.

ಇನ್ನೊಂದು ಮಾತು, ಕುಂದಾಪುರ ಅಂದಿರಿ ಅಂತ ಹೇಳುತ್ತಿದ್ದೇನೆ. ಹಳೇ ಕಂಚಿನೊಳಗೆ ಕ್ಲೋರೈಡ್ ಸಿಕ್ಕಿಕೊಂಡಿದ್ದರೆ ತೇವ ತಾಗಿದ ಕೂಡಲೇ ರೋಗ ಶುರು. ತಿಳಿ ಹಸಿರು ಪುಡಿ, ಹಿಟ್ಟು ಉದುರಿದ ಹಾಗೆ ಉದುರುತ್ತದೆ, ಅಡಿಯಲ್ಲಿ ಸಣ್ಣ ಗುಳಿ ಬೀಳುತ್ತದೆ. ಗಾಳಿಯ ತೇವ ಶೇ. 40ರ ಕೆಳಗೆ ಇಟ್ಟರೆ ತಡೆಯಬಹುದು. ಕರಾವಳಿಯ ಆಷಾಢದಲ್ಲಿ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಇಲ್ಲದೆ ಆಗುವುದಿಲ್ಲ.

ಸುಮ್ನೆ_ಓದುಗ
ಅತ್ತೆ ಹುಣಸೆಹಣ್ಣು ಹಾಕಿ ತಿಕ್ಕಿ ದೇವರಕೋಣೆಯಲ್ಲಿ ಇಡುತ್ತಾರೆ. ಸೀದಾ ಹೊಳೆಯುವ ಭೀಮಸೇನ.

ಕಿಲುಬು_ಡಾಕ್ಟ್ರು
ಬೆಳಗ್ಗೆ ಬೆಳಗ್ಗೆ ಇಂಥದ್ದು ಓದಿಸಬೇಡಿ ಸ್ವಾಮಿ.

ಆದರೆ ಇದರಲ್ಲಿ ರಾಜರೂ ಕಡಿಮೆ ಇರಲಿಲ್ಲ. 1553ರಲ್ಲಿ ಟಸ್ಕನಿಯ ಅರೆತ್ಸೊದಲ್ಲಿ ಕಿಮೇರಾ ಎಂಬ ಎಟ್ರಸ್ಕನ್ ಕಂಚಿನ ಮೂರ್ತಿ ಸಿಕ್ಕಿತು, ಸಿಂಹದ ಮೈ, ಬೆನ್ನಿನ ಮೇಲೆ ಆಡಿನ ತಲೆ. ಅದರ ಜೊತೆ ಪುಟ್ಟ ಕಂಚಿನ ಮೂರ್ತಿಗಳ ರಾಶಿ. ಫ್ಲಾರೆನ್ಸಿನ ದೊರೆ ಕೋಸಿಮೊ ಸಂಜೆ ಹೊತ್ತು ಅಕ್ಕಸಾಲಿಗರ ಉಳಿ ಹಿಡಿದು ತಾನೇ ಕೂತು ಅವುಗಳ ಮಣ್ಣು ಕೆರೆಯುತ್ತಿದ್ದನಂತೆ. ಪಕ್ಕದಲ್ಲಿ ಶಿಲ್ಪಿ ಚೆಲ್ಲಿನಿ. ಕೈಕಾಲು ಇಲ್ಲದವಕ್ಕೆ ಹೊಸದು ಜೋಡಿಸುವುದು ಅವನ ಕೆಲಸ. ಚೆಲ್ಲಿನಿ ತನ್ನ ಆತ್ಮಕಥೆಯಲ್ಲೇ ಇದನ್ನು ಬರೆದಿದ್ದಾನೆ. ಕಿಮೇರಾ ಈಗ ಫ್ಲಾರೆನ್ಸಿನ ಪುರಾತತ್ವ ಮ್ಯೂಸಿಯಂನಲ್ಲಿದೆ, ಮುಂಗಾಲಿನ ಮೇಲೆ ಎಟ್ರಸ್ಕನ್ ಬರಹ ಈಗಲೂ ಓದಲು ಸಿಗುತ್ತದೆ.

ಚರಿತ್ರೆಪ್ರಿಯ
ಎಟ್ರಸ್ಕನ್ ಭಾಷೆ ದ್ರಾವಿಡ ಮೂಲದ್ದು ಅಂತ ಎಲ್ಲೋ ಓದಿದ್ದೆ. ಅವರು ಪೂರ್ವದಿಂದ ಬಂದವರು ಅಂತ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ಸೇ ಹೇಳಿದ್ದಾನಲ್ಲ?

ಮಿಲಾನ್_ಮಲೆನಾಡು
ವಾಟ್ಸಾಪಿನಲ್ಲಿ ಓದಿರುತ್ತೀರಿ. ಹೆರೊಡೊಟಸ್ ಹೇಳಿದ್ದು ಲಿಡಿಯಾದಿಂದ ಬಂದರು ಅಂತ, ಅಂದರೆ ಈಗಿನ ಟರ್ಕಿ. ಭಾರತ ಅಲ್ಲ. ಹಾಲಿಕರ್ನಾಸಸ್‌ನ ಡಯೊನಿಸಿಯಸ್ ಎಂಬ ಇನ್ನೊಬ್ಬ ಗ್ರೀಕ್ ಇತಿಹಾಸಕಾರ ಕ್ರಿ.ಪೂ. 1ನೇ ಶತಮಾನದಲ್ಲೇ ಅದನ್ನು ಒಪ್ಪದೆ ಇವರು ಅಲ್ಲಿನವರೇ ಅಂದ. 2021ರ ಡಿಎನ್‌ಎ ಅಧ್ಯಯನವೂ ಡಯೊನಿಸಿಯಸ್ ಕಡೆಗೇ ಇದೆ: ಅಕ್ಕಪಕ್ಕದ ಲ್ಯಾಟಿನ್ ಜನರಿಗೂ ಇವರಿಗೂ ರಕ್ತದಲ್ಲಿ ಅಂಥ ವ್ಯತ್ಯಾಸ ಇಲ್ಲ. ಭಾಷೆಗೆ ನೆಂಟರು ಅಂದರೆ ಆಲ್ಪ್ಸ್ ಸೀಮೆಯ ರೇಟಿಕ್, ಗ್ರೀಸಿನ ಲೆಮ್ನಸ್ ದ್ವೀಪದ ಶಾಸನದ ಭಾಷೆ. ಅಷ್ಟೇ.

ಚರಿತ್ರೆಪ್ರಿಯ
ಡಿಎನ್‌ಎ ಬೇರೆ, ಭಾಷೆ ಬೇರೆ ಅಲ್ವಾ?

ಮಿಲಾನ್_ಮಲೆನಾಡು
ಹೌದು, ಬೇರೆ. ಅದಕ್ಕೇ ಎರಡನ್ನೂ ಬೇರೆ ಬೇರೆ ವಾಕ್ಯದಲ್ಲಿ ಬರೆದೆ.

ಹಳೇ_ನಾಣ್ಯ
ವಿಷಯಕ್ಕೆ ಬರೋಣ. ಬರಹದ ಮಾತು ಬಂತಲ್ಲ, ಒಂದು ಸಲಹೆ. ತೊಡೆಯ ಮೇಲೆ ಅಕ್ಷರ ಕೊರೆದ ಮೂರ್ತಿಗೆ ಬೆಲೆ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ಅಸಲಿ ಮೂರ್ತಿ ತಂದು ಅದರ ಮೇಲೆ ಹೊಸದಾಗಿ ಅಕ್ಷರ ಕೆತ್ತುವ ಜಾಣರಿದ್ದಾರೆ. ಗೆರೆ ಕಿಲುಬನ್ನು ಸೀಳಿಕೊಂಡು ಹೋಗಿದೆಯಾ, ಗೆರೆಯೊಳಗೂ ಕಿಲುಬು ಕಟ್ಟಿದೆಯಾ ನೋಡಿ.

ಇನ್ನು ಮೇಡಂ ಅವರಿಗೆ. ಸಂಗ್ರಾಹಕರೆಲ್ಲ ಕಳ್ಳರು ಅನ್ನುವ ಧ್ವನಿ ಬೇಡ. 1838ರಲ್ಲಿ ಫಾಲ್ತೆರೊನಾ ಬೆಟ್ಟದಲ್ಲಿ, ಆರ್ನೊ ನದಿ ಹುಟ್ಟುವ ಜಾಗದ ಹತ್ತಿರ, ಕುರಿ ಕಾಯುವ ಹುಡುಗಿಯೊಬ್ಬಳಿಗೆ ಕೊಳದ ದಡದಲ್ಲಿ ಹರ್ಕ್ಲೆ ಮೂರ್ತಿ ಸಿಕ್ಕಿತು. ಊರವರು ಸೇರಿ ಕೊಳ ಬರಿದು ಮಾಡಿದರು. 600ಕ್ಕೂ ಹೆಚ್ಚು ಕಂಚಿನ ಮೂರ್ತಿ! ಟಸ್ಕನಿಯ ಸರ್ಕಾರ ಕೊಳ್ಳಲಿಲ್ಲ. ಕೊಂಡವರು ಹೊರಗಿನವರು. ಇವತ್ತು ಬ್ರಿಟಿಷ್ ಮ್ಯೂಸಿಯಂ, ಲೂವ್ರ್, ರಷ್ಯಾದ ಹರ್ಮಿಟಾಜ್‌ನಲ್ಲಿ ಅವನ್ನು ನೋಡಬಹುದು ಅಂದರೆ ಅವು ಕೊಂಡವರಿಂದ ಉಳಿದವು. ಇಲ್ಲದಿದ್ದರೆ ಕರಗಿಸಿ ಪಾತ್ರೆ ಮಾಡುತ್ತಿದ್ದರು.

ಮಿಲಾನ್_ಮಲೆನಾಡು
ಫಾಲ್ತೆರೊನಾ ನನ್ನ ಕಡೆಯ ಸಾಕ್ಷಿ ಸ್ವಾಮಿ, ನಿಮ್ಮದಲ್ಲ! 600 ಮೂರ್ತಿಯಲ್ಲಿ ಎಷ್ಟು ಇವತ್ತು ಗುರುತು ಸಿಗುತ್ತವೆ? ಕೆಲವೇ. ಉಳಿದವು "ಯುರೋಪಿನ ಖಾಸಗಿ ಸಂಗ್ರಹ" ಆಗಿ ಕಳೆದುಹೋದವು. ಯಾವ ಮೂರ್ತಿಯ ಪಕ್ಕ ಯಾವುದಿತ್ತು, ಯಾವುದು ಮೊದಲು ಬಿತ್ತು, ಏನೂ ಗೊತ್ತಿಲ್ಲ.

ಈಗ ಇದಕ್ಕೆ ಸಾನ್ ಕಷಾನೊ ದೇಯಿ ಬಾನ್ಯಿ ಹೋಲಿಸಿ. ಅದು ಸಿಯೆನಾ ಜಿಲ್ಲೆಯ ಬಿಸಿನೀರ ಬುಗ್ಗೆಯ ಊರು. 2022ರಲ್ಲಿ ಅಲ್ಲಿನ ಹಳೇ ಕೊಳದ ಕೆಸರಿನಿಂದ 20ಕ್ಕೂ ಹೆಚ್ಚು ಕಂಚಿನ ಪ್ರತಿಮೆ, ಸುಮಾರು 5000 ನಾಣ್ಯ ತೆಗೆದರು. ದೇವರುಗಳು, ಮಕ್ಕಳು, ಕಾಯಿಲೆ ವಾಸಿಯಾಗಲಿ ಅಂತ ಒಪ್ಪಿಸಿದ ಕಿವಿ, ಕಾಲು, ಗರ್ಭಕೋಶ ಎಲ್ಲ ಕಂಚಿನಲ್ಲಿ. ಪದರ ಪದರವಾಗಿ ತೆಗೆದಿದ್ದರಿಂದ ಕಥೆ ಉಳಿಯಿತು. ಎಟ್ರಸ್ಕನ್ ಬರಹವೂ ಲ್ಯಾಟಿನ್ ಬರಹವೂ ಒಂದೇ ಕೊಳದಲ್ಲಿ. ಹೊರಗೆ ರೋಮನ್ನರಿಗೂ ಎಟ್ರಸ್ಕನ್ನರಿಗೂ ಜಗಳ ನಡೆಯುತ್ತಿದ್ದ ಕಾಲದಲ್ಲೂ ಇಬ್ಬರೂ ಒಂದೇ ನೀರಿಗೆ ಹರಕೆ ಒಪ್ಪಿಸುತ್ತಿದ್ದರು. ಕೊನೆಗೆ ಕ್ರಿ.ಶ. 5ನೇ ಶತಮಾನದಲ್ಲಿ ಕಂಬಗಳನ್ನು ಅಡ್ಡ ಮಲಗಿಸಿ ಕೊಳವನ್ನು ಮುಚ್ಚಿದರು. ಇವನ್ನು ರಾತ್ರಿ ಯಾರೋ ತೆಗೆದು ಒಂದೊಂದಾಗಿ ಮಾರಿದ್ದರೆ ನಮಗೆ ಸಿಗುತ್ತಿದ್ದದ್ದು ಚಂದದ ಗೊಂಬೆಗಳು ಮಾತ್ರ.

ಹಳೇ_ನಾಣ್ಯ
ಒಳ್ಳೆಯ ಮಾತು, ಒಪ್ಪುತ್ತೇನೆ. ಆದರೆ ಈಗಾಗಲೇ ಹೊರಗೆ ಬಂದದ್ದನ್ನು ಏನು ಮಾಡೋಣ? ವಾಪಸ್ ಹೂಳೋಣವಾ? ಯಾರಾದರೂ ಜೋಪಾನ ಮಾಡಲೇಬೇಕಲ್ಲ.

ಬೆಂಗಳೂರು_ವಕೀಲ
ನಾಗು ಅವರ ಕಾನೂನಿನ ಪ್ರಶ್ನೆಗೆ ಯಾರೂ ಪೂರ್ತಿ ಉತ್ತರ ಕೊಡಲಿಲ್ಲ.

ಭಾರತದ ಕಡೆಯಿಂದ: 1972ರ ಪುರಾವಸ್ತು ಕಾಯ್ದೆ ಸಾಮಾನ್ಯವಾಗಿ 100 ವರ್ಷ ದಾಟಿದ್ದನ್ನು ಪುರಾವಸ್ತು ಅನ್ನುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಒಳಗೆ ತಂದ ಮೇಲೆ ಮತ್ತೆ ಲಂಡನ್ನಿನಲ್ಲಿ ಮಾರುತ್ತೇನೆ ಅಂದರೆ ತಲೆನೋವು ಖಾತ್ರಿ. ತರುವ ಮುಂಚೆ ಕಸ್ಟಮ್ಸ್ ಬಲ್ಲವರ ಹತ್ತಿರ ಬರೆಸಿಕೊಳ್ಳಿ.

ಇಂಗ್ಲೆಂಡಿನ ಕಡೆಯಿಂದ: ಕಲಾವಸ್ತುಗಳ ಅಕ್ರಮ ಸಾಗಾಟ ತಡೆಯುವ ಯುನೆಸ್ಕೊದ 1970ರ ಒಪ್ಪಂದಕ್ಕೆ ಅವರು ಸೇರಿದ್ದು 2002ರಲ್ಲಿ. 2003ರಲ್ಲಿ ಅಕ್ರಮವಾಗಿ ತೆಗೆದ ವಸ್ತು ಅಂತ ತಿಳಿದೂ ವ್ಯವಹಾರ ಮಾಡುವುದನ್ನು ಅಪರಾಧ ಮಾಡಿದರು. "ನಮಗೆ ಗೊತ್ತಿರಲಿಲ್ಲ" ಅಂದರೆ ಜೈಲು ತಪ್ಪಬಹುದು, ವಸ್ತು ಉಳಿಯುತ್ತದೆ ಅಂತ ಹೇಳಲಾಗುವುದಿಲ್ಲ. ಪತ್ತೂರು ನಟರಾಜನ ಕೇಸು ನೆನಪಿದೆಯಾ? ತಮಿಳುನಾಡಿನ ಹಾಳು ದೇವಸ್ಥಾನದ ನೆಲದಲ್ಲಿ 1976ರಲ್ಲಿ ಕೂಲಿಕಾರನಿಗೆ ಸಿಕ್ಕ ಕಂಚು. ಕೈ ಬದಲಾಯಿಸುತ್ತಾ 1982ರಲ್ಲಿ ಕೆನಡಾದ ಕಂಪನಿಯೊಂದು ಪ್ರಾಮಾಣಿಕವಾಗಿಯೇ ದುಡ್ಡು ಕೊಟ್ಟು ಕೊಂಡಿತು. ಕೆಡದಂತೆ ಉಪಚಾರ ಮಾಡಿಸಲು ಲಂಡನ್ನಿಗೆ ಕಳಿಸಿದ್ದಾಗ ಪೊಲೀಸರು ಹಿಡಿದರು. ಕೋರ್ಟಿನಲ್ಲಿ ದೇವಸ್ಥಾನದ ಪರವಾಗಿ ಶಿವನೇ ಕಕ್ಷಿದಾರ. ಗೆದ್ದದ್ದೂ ಅವನೇ. 1991ರಲ್ಲಿ ನಟರಾಜ ಊರಿಗೆ ಬಂದ.

ಸುಮ್ನೆ_ಓದುಗ
ಹರ್ಕ್ಯುಲಿಸ್ ಕೋರ್ಟಿಗೆ ಬಂದರೆ ಗದೆ ಹೊರಗೆ ಇಡಬೇಕಾಗುತ್ತದೆ.

ಚರಿತ್ರೆಪ್ರಿಯ
ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ ಕೂಡ ನಕಲಿ ಎಟ್ರಸ್ಕನ್ ಕಂಚಿನ ಯೋಧರನ್ನು ಕೊಂಡು ಮೋಸಹೋಗಿತ್ತಲ್ಲ. ದೊಡ್ಡವರ ಪಾಡೇ ಹೀಗಾದರೆ ನಮ್ಮದೇನು?

ಕಿಲುಬು_ಡಾಕ್ಟ್ರು
ಕಂಚಿನವಲ್ಲ, ಸುಟ್ಟ ಮಣ್ಣಿನವು. ಆದರೂ ಕಥೆ ಚೆನ್ನಾಗಿದೆ. 1915ರಿಂದ 1921ರ ನಡುವೆ ಕೊಂಡ ಮೂರು ದೈತ್ಯ ಯೋಧರು. ಕಪ್ಪು ಬಣ್ಣದಲ್ಲಿ ಮ್ಯಾಂಗನೀಸ್ ಸಿಕ್ಕಿತು, ಆ ಕಾಲದವರು ಅದನ್ನು ಹಾಗೆ ಬಳಸುತ್ತಿರಲಿಲ್ಲ. 1961ರಲ್ಲಿ ಆಲ್ಫ್ರೆಡೊ ಫಿಯೊರಾವಂತಿ ಎಂಬಾತ ನಾವೇ ಮಾಡಿದ್ದು ಅಂತ ಒಪ್ಪಿಕೊಂಡ. ಒಬ್ಬ ಯೋಧನ ಕೈಯಲ್ಲಿ ಹೆಬ್ಬೆರಳು ಇರಲಿಲ್ಲ. ಅದನ್ನು ಆತ ಅಷ್ಟು ವರ್ಷ ಹತ್ತಿರವೇ ಇಟ್ಟುಕೊಂಡಿದ್ದ. ತಂದು ಕೂಡಿಸಿದರೆ ಸರಿಯಾಗಿ ಕೂತಿತು.

ಬಸ್ಸಿಗೆ_ಕಾಯುವವ
ನನಗೆ ಇದೆಲ್ಲ ಅರ್ಥವಾಗುವುದಿಲ್ಲ. ಇಂಥವನ್ನು ನೋಡಬೇಕು ಅಂದರೆ ವೋಲ್ತೆರ್ರಾಕ್ಕೆ ಹೋಗಿ ಬನ್ನಿ. ಗ್ವಾರ್ನಾಚ್ಚಿ ಮ್ಯೂಸಿಯಂನಲ್ಲಿ "ಸಂಜೆಯ ನೆರಳು" ಅಂತ ಒಂದು ಹುಡುಗನ ಮೂರ್ತಿ ಇದೆ. ಸುಮಾರು 57 ಸೆಂ.ಮೀ. ಎತ್ತರ, ಅಗಲ ಮಾತ್ರ ಬೆರಳಷ್ಟು. ಮೈ ಪೂರ್ತಿ ಎಳೆದ ಹಾಗೆ ಉದ್ದ, ಮುಖ ಮಾತ್ರ ಮಾಮೂಲಿ ಮಗುವಿನ ಮುಖ. ಯಾವನೋ ರೈತ ಇದನ್ನು ಒಲೆಯ ಬೆಂಕಿ ಕೆದಕಲು ಇಟ್ಟುಕೊಂಡಿದ್ದ ಅಂತ ಅಲ್ಲಿ ಎಲ್ಲರೂ ಹೇಳುತ್ತಾರೆ. ಫ್ಲಾರೆನ್ಸಿನಿಂದ ಕೊಲ್ಲೆ ದಿ ವಾಲ್ ದೆಲ್ಸಾದಲ್ಲಿ ಬಸ್ಸು ಬದಲಾಯಿಸಬೇಕು. ಭಾನುವಾರ ಮಾತ್ರ ಹೋಗಬೇಡಿ, ಬಸ್ಸು ಕಾದು ಕಾದು ಸಾಕಾಗುತ್ತದೆ.

ಸುಮ್ನೆ_ಓದುಗ
ಅಲ್ಲಿ ಸಸ್ಯಾಹಾರ ಸಿಗುತ್ತದಾ?

ಬಸ್ಸಿಗೆ_ಕಾಯುವವ
ರಿಬೊಲ್ಲಿತಾ ಕೇಳಿ. ಹಳೇ ಬ್ರೆಡ್ಡು, ಬೀನ್ಸು, ಎಲೆಕೋಸು ಹಾಕಿ ಮತ್ತೆ ಮತ್ತೆ ಕುದಿಸಿದ್ದು. ಮಾಂಸದ ರಸ ಹಾಕಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಉಪ್ಪಿನಕಾಯಿ ನೀವೇ ತೆಗೆದುಕೊಂಡು ಹೋಗಿ.

ಲೆಸ್ಟರ್_ನಾಗು
ಹರಾಜಿನವರಿಗೆ ಮೇಲ್ ಹಾಕಿದ್ದೆ, ಉತ್ತರ ಬಂತು. ಮಾರುವವರ ಹೆಸರು ಹೇಳುವುದಿಲ್ಲವಂತೆ. 1980ರ ದಶಕದ ಬಿಲ್ಲು "ಈಗ ಲಭ್ಯವಿಲ್ಲ". ಆದರೆ ಕಳುವಾದ ಕಲಾವಸ್ತುಗಳ ಪಟ್ಟಿಯಲ್ಲಿ ಹುಡುಕಿಸಿದ್ದೇವೆ, ಅದರಲ್ಲಿ ಇಲ್ಲ, ಸರ್ಟಿಫಿಕೇಟ್ ಕೊಡುತ್ತೇವೆ ಅಂದಿದ್ದಾರೆ. ಇದು ಸಾಕಲ್ವಾ?

ಮಿಲಾನ್_ಮಲೆನಾಡು
ಆ ಪಟ್ಟಿಯಲ್ಲಿ ಇರುವುದು ಯಾರೋ ಕಳೆದುಕೊಂಡೆ ಅಂತ ದೂರು ಕೊಟ್ಟ ವಸ್ತು. ನೆಲದಿಂದ ರಾತ್ರೋರಾತ್ರಿ ತೆಗೆದದ್ದು ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ, ಇನ್ನು ದೂರು ಕೊಡುವವರು ಯಾರು? ಆ ಸರ್ಟಿಫಿಕೇಟ್ ಮ್ಯೂಸಿಯಂನಿಂದ ಕದ್ದದ್ದಲ್ಲ ಅಂತ ಹೇಳಬಹುದು. ಅದಕ್ಕಿಂತ ಹೆಚ್ಚು ಏನೂ ಹೇಳುವುದಿಲ್ಲ.

ಹಳೇ_ನಾಣ್ಯ
ಈ ವಿಷಯದಲ್ಲಿ ಮೇಡಂ ಹೇಳಿದ್ದು ಸರಿ. ಬಿಲ್ಲು ಇತ್ತು ಅನ್ನುತ್ತಾರೆ, ತೋರಿಸುವುದಿಲ್ಲ ಅನ್ನುತ್ತಾರೆ. ಹಾಗಿದ್ದರೆ ಅದನ್ನು ಕ್ಯಾಟಲಾಗಿನಲ್ಲಿ ಏಕೆ ಬರೆದರು? ಹಳೇ ಹರಾಜಿನ ಕ್ಯಾಟಲಾಗಿನಲ್ಲಿ ಫೋಟೊ ಸಮೇತ ಅಚ್ಚಾದ ಮೂರ್ತಿಗಳು ಬರುತ್ತವೆ, ಬೆಲೆ ಒಂದೂವರೆ, ಎರಡು ಪಟ್ಟು ಇರುತ್ತದೆ. ಕಾಯಿರಿ. ಅಥವಾ 19ನೇ ಶತಮಾನದಲ್ಲಿ ಪ್ರವಾಸಿಗರಿಗೆ ಅಂತ ಇಟಲಿಯಲ್ಲೇ ಎರೆದ ಪ್ರತಿಗಳಿವೆ, ಪ್ರತಿ ಅಂತ ಹೇಳಿಯೇ ಮಾರುತ್ತಾರೆ. ನನ್ನ ಹತ್ತಿರವೂ ಒಂದಿದೆ.

ಎರಕದ_ಮನೆ
ಪ್ರತಿ ಬೇಕಿದ್ದರೆ ನಾನೇ ಎರೆದು ಕೊಡುತ್ತೇನೆ. ಗದೆಯ ತುದಿ ಮುರಿಯದ ಹಾಗೆ.

ಲೆಸ್ಟರ್_ನಾಗು
ಸರಿ, ಈ ಲಾಟ್ ಬಿಟ್ಟೆ. ಬಿಡ್ ಹಾಕಲು ಹೆಸರು ಬರೆಸಿದ್ದೆ, ತೆಗೆಸಿದೆ. ಫೋಟೊ ಮಾತ್ರ ಇನ್ನೂ ಫೋನಿನಲ್ಲಿದೆ. ಕಳ್ಳಮಾಲೇ ಇರಲಿ, ಮುಖದಲ್ಲಿ ಅದೇನು ಠೀವಿ ಅಂತೀರಿ.

ಹಳೇ_ನಾಣ್ಯ
ಲಾಟ್ ನಂಬರ್ ಇನ್‌ಬಾಕ್ಸ್ ಮಾಡಿ. ಸುಮ್ನೆ ನೋಡೋಕೆ.

ಮಿಲಾನ್_ಮಲೆನಾಡು
ಮಾಡಬೇಡಿ.

ಕಿಲುಬು_ಡಾಕ್ಟ್ರು
ನನಗೆ ಮಾಡಿ. ಆ ಹಸಿರು ಯಾವ ಹಸಿರು ಅಂತ ನೋಡಬೇಕು.